ಪೇಪರ್ ಟ್ರೇಡಿಂಗ್‌ಗೆ ಆನ್‌ಲೈನ್ ಟೂಲ್‌ಗಳು: ಬೆಲೆ ಯಾವುದನ್ನು ನಂಬೋದು, ಲೆಕ್ಕ ಎಲ್ಲಿ ಇಡೋದು?

ಹೊಸಪುಟ
ನಮಸ್ಕಾರ. ನಿಜವಾದ ಹಣ ಹಾಕುವ ಮೊದಲು ಪೇಪರ್ ಟ್ರೇಡಿಂಗ್ (ಹಣವಿಲ್ಲದೆ, ಬರೀ ಲೆಕ್ಕದಲ್ಲಿ ಷೇರು ಕೊಂಡು ಮಾರುವ ಅಭ್ಯಾಸ) ಮಾಡಿ ಕೈ ಪಳಗಿಸಿಕೊಳ್ಳಬೇಕು ಅಂತಿದ್ದೇನೆ. ಷೇರುಗಳ ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿದೆ, ಚಾರ್ಟ್ ನೋಡೋದು ಟ್ರೇಡಿಂಗ್‌ವ್ಯೂನಲ್ಲಿ. ಒಂದೇ ಷೇರಿಗೆ, ಒಂದೇ ಹೊತ್ತಿನಲ್ಲಿ, ಎರಡೂ ಕಡೆ ಬೇರೆ ಬೇರೆ ಬೆಲೆ ತೋರಿಸ್ತಿದೆ. ಯಾವುದನ್ನು ನಂಬೋದು? ಟ್ರೇಡಿಂಗ್‌ವ್ಯೂನಲ್ಲೇ ಇರುವ ಪೇಪರ್ ಅಕೌಂಟ್ ಸಾಕಾ, ಇಲ್ಲ ಲೆಕ್ಕ ಬೇರೆ ಇಡಬೇಕಾ? ಒಟ್ಟಿಗೆ ಎಷ್ಟು ಷೇರು ನೋಡಬಹುದು? ಎಷ್ಟು ಟ್ರೇಡ್ ಆದ ಮೇಲೆ ಫಲಿತಾಂಶಕ್ಕೆ ಬೆಲೆ ಕೊಡಬಹುದು?

ನಿಧಾನಸ್ಥ
ಎರಡೂ ಬೆಲೆ ಸರಿಯೇ ಇರಬಹುದು, ಹೊತ್ತು ಮಾತ್ರ ಬೇರೆ. ಶೀಟ್ಸ್‌ನ ಗೂಗಲ್‌ಫೈನಾನ್ಸ್ ಫಂಕ್ಷನ್ ಕೊಡುವ ಬೆಲೆ 20 ನಿಮಿಷದವರೆಗೆ ಹಿಂದೆ ಇರಬಹುದು ಅಂತ ಗೂಗಲ್ಲೇ ಹೇಳುತ್ತದೆ. ಟ್ರೇಡಿಂಗ್‌ವ್ಯೂನಲ್ಲಿ ಕೆಲವು ವಿನಿಮಯ ಕೇಂದ್ರಗಳ ಬೆಲೆ ನೇರವಾಗಿ ಬರುತ್ತದೆ, ಕೆಲವು ತಡವಾಗಿ ಬರುತ್ತದೆ. ತಡವಾಗಿದ್ದರೆ ಷೇರಿನ ಹೆಸರಿನ ಪಕ್ಕ ಸಣ್ಣ ಗುರುತು ಇರುತ್ತದೆ, ಅದರ ಮೇಲೆ ಒತ್ತಿದರೆ ವಿವರ ಸಿಗುತ್ತದೆ.

ತಡ ಕಾರಣವಲ್ಲದಿದ್ದರೆ ಇನ್ನು ಮೂರು ಕಡೆ ಹುಡುಕಿ. ಕಂಪನಿ ಎರಡು ವಿನಿಮಯ ಕೇಂದ್ರಗಳಲ್ಲಿ ಲಿಸ್ಟ್ ಆಗಿದ್ದು, ನೀವು ಒಂದೊಂದು ಕಡೆ ಒಂದೊಂದನ್ನು ತೆರೆದಿರಬಹುದು. ಚಾರ್ಟ್‌ನಲ್ಲಿ ಮಾರುಕಟ್ಟೆ ಸಮಯದ ಆಚೆಗಿನ ವ್ಯವಹಾರವೂ ಸೇರಿಕೊಂಡಿರಬಹುದು. ಇಲ್ಲವೇ ಚಾರ್ಟ್‌ನಲ್ಲಿ ಡಿವಿಡೆಂಡ್ ಹೊಂದಾಣಿಕೆ (ಕಂಪನಿ ಹಂಚಿದ ಲಾಭಾಂಶಕ್ಕೆ ತಕ್ಕಂತೆ ಹಳೆಯ ಬೆಲೆಗಳನ್ನು ಇಳಿಸುವುದು) ಆನ್ ಆಗಿರಬಹುದು. ಹಾಗಿದ್ದರೆ ಹಳೆಯ ಬೆಲೆಗಳೆಲ್ಲ ನಿಜಕ್ಕಿಂತ ಕಡಿಮೆ ಕಾಣುತ್ತವೆ.

ಪರೀಕ್ಷೆ ಸುಲಭ. ಜೋರು ವ್ಯವಹಾರ ಇರುವ ಷೇರಿನ ಒಂದು ನಿಮಿಷದ ಚಾರ್ಟ್ ತೆರೆದು, ಕೊನೆಯ ಕ್ಯಾಂಡಲ್‌ನ (ಒಂದು ಅವಧಿಯ ಬೆಲೆಯ ಏರಿಳಿತ ತೋರಿಸುವ ಕೋಲು) ಸಮಯವನ್ನು ಗಡಿಯಾರದ ಜೊತೆ ಹೋಲಿಸಿ. 15 ನಿಮಿಷ ವ್ಯತ್ಯಾಸ ಇದ್ದರೆ ಆ ಟೂಲ್‌ನಲ್ಲಿ ಇಂಟ್ರಾಡೇ (ಒಂದೇ ದಿನದೊಳಗೆ ಕೊಂಡು ಮಾರುವ) ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. 15 ನಿಮಿಷ ಹಳೆಯ ಬೆಲೆಗೆ ಲಿಮಿಟ್ ಆರ್ಡರ್ (ಹೇಳಿದ ಬೆಲೆಗೆ ಅಥವಾ ಅದಕ್ಕಿಂತ ಒಳ್ಳೆಯ ಬೆಲೆಗೆ ಮಾತ್ರ ಅನ್ನುವ ಆರ್ಡರ್) ಹಾಕಿದರೆ, ಮಾರುಕಟ್ಟೆ ಆಗಲೇ ಉತ್ತರ ಕೊಟ್ಟು ಮುಗಿಸಿದ ಪ್ರಶ್ನೆಯನ್ನು ನೀವು ಈಗ ಕೇಳ್ತಿದ್ದೀರಿ. ತಡವಾದ ಡೇಟಾಗೆ ಹೊಂದುವ ಅಭ್ಯಾಸ ಒಂದೇ: ಮಾರುಕಟ್ಟೆ ಮುಚ್ಚಿದ ಮೇಲೆ ನಿರ್ಧಾರ, ಮರುದಿನದ ಆರಂಭದ ಬೆಲೆಗೆ ಖರೀದಿ ಅಂತ ಲೆಕ್ಕ. ಕಲಿಯಲು ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯೋಚಿಸಲು ರಾತ್ರಿಯೆಲ್ಲ ಸಮಯವಿರುತ್ತದೆ.

ಶೀಟ್‌ಗುರು
ಶೀಟ್ಸ್ ಬಗ್ಗೆ ನಾನು ಹೇಳ್ತೀನಿ. ಟೂಲ್ ಒಳ್ಳೆಯದು, ಆದರೆ ಎಲ್ಲರೂ ಎಡವುವ ಜಾಗಗಳು ಅವೇ ನಾಲ್ಕೈದು.

ಒಂದು, ವಿನಿಮಯ ಕೇಂದ್ರದ ಸಂಕೇತ ಇಲ್ಲದೆ ಬರೀ ಷೇರಿನ ಸಂಕೇತ ಕೊಡಬೇಡಿ. ಕೇಂದ್ರ, ಕೋಲನ್, ಆಮೇಲೆ ಷೇರು, ಹೀಗೇ ಬರೆಯಿರಿ. ಬಿಟ್ಟರೆ ಗೂಗಲ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಬೇರೆ ದೇಶದ ಅದೇ ಸಂಕೇತದ ಕಂಪನಿ ಬಂದು ಕೂತರೂ ಶೀಟ್ ದೂರು ಹೇಳೋದಿಲ್ಲ.

ಎರಡು, ಖರೀದಿ ಬೆಲೆಯ ಕೋಶದಲ್ಲಿ ಫಾರ್ಮುಲಾ ಇರಲೇಬಾರದು. ಅದು ಇವತ್ತಿನ ಬೆಲೆಯ ಜೊತೆಗೇ ಓಡುತ್ತದೆ, ಲಾಭ-ನಷ್ಟದ ಕಾಲಂ ಸದಾ ಸೊನ್ನೆಯೇ. ಬೆಲೆಯನ್ನು ಕಾಪಿ ಮಾಡಿ, ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಮೌಲ್ಯವನ್ನಷ್ಟೇ ಪೇಸ್ಟ್ ಮಾಡಿ. ಸಮಯಕ್ಕೂ ಇದೇ ಮಾತು. ನೌ ಫಂಕ್ಷನ್ ಹಾಕಿದರೆ ಶೀಟ್ ತೆರೆದಾಗಲೆಲ್ಲ ಟ್ರೇಡ್‌ನ ಸಮಯ ಬದಲಾಗುತ್ತದೆ. ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿದರೆ ಇವತ್ತಿನ ದಿನಾಂಕ ಅಲ್ಲೇ ಅಚ್ಚಾಗುತ್ತದೆ, ಜೊತೆಗೆ ಶಿಫ್ಟ್ ಸೇರಿಸಿದರೆ ಸಮಯ. ಫೈಲ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಸರಿ ಇದೆಯಾ ಅಂತ ಮೊದಲ ದಿನವೇ ನೋಡಿಬಿಡಿ.

ಮೂರು, ಹಳೆಯ ಬೆಲೆ ಕೇಳುವಾಗ ಒಂದೇ ದಿನಾಂಕ ಕೊಟ್ಟರೆ ರಜಾದಿನಗಳಲ್ಲಿ ಎರರ್ ಬರುತ್ತದೆ. ಬೇಕಾದ ದಿನಕ್ಕೆ ಮುಗಿಯುವಂತೆ ಏಳೆಂಟು ದಿನಗಳ ಅವಧಿ ಕೇಳಿ, ಬಂದ ಪಟ್ಟಿಯ ಕೊನೆಯ ಸಾಲು ತಗೊಳ್ಳಿ. ಪಟ್ಟಿಯ ಮೊದಲ ಸಾಲು ಶೀರ್ಷಿಕೆ. ಇಂಡೆಕ್ಸ್ ಫಂಕ್ಷನ್‌ನಲ್ಲಿ ಎಣಿಕೆ ಎರಡನೇ ಸಾಲು, ಎರಡನೇ ಕಾಲಂನಿಂದ ಶುರು. ಇದನ್ನು ಮರೆತವರ ಕೋಶದಲ್ಲಿ ಬೆಲೆಯ ಜಾಗಕ್ಕೆ ಬರೀ ಒಂದು ಪದ ಬಂದು ಕೂತಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯ. ಎರರ್ ಕಣ್ಣಿಗೆ ಕುಕ್ಕುತ್ತದೆ ಅಂತ ಇಫ್‌ಎರರ್ ಫಂಕ್ಷನ್ (ಎರರ್ ಬದಲು ನಾವು ಹೇಳಿದ್ದನ್ನು ತೋರಿಸುವುದು) ಸುತ್ತಿ ಸೊನ್ನೆ ಬರೋ ಹಾಗೆ ಮಾಡ್ತಾರೆ. ಗೂಗಲ್ ಒಂದು ಷೇರಿನ ಬೆಲೆಯನ್ನು ಐದು ನಿಮಿಷ ಕೊಡದಿದ್ದರೆ, ಶೀಟ್ ಆ ಷೇರಿನ ಬೆಲೆ ಸೊನ್ನೆ ಅಂತ ತಿಳಿದು ಒಟ್ಟು ಬಂಡವಾಳವನ್ನೇ ಕುಸಿಸಿ ತೋರಿಸುತ್ತದೆ. ಎರರ್ ಎರರ್ ಆಗಿಯೇ ಕಾಣಲಿ. ಎಷ್ಟು ಕೋಶಗಳಲ್ಲಿ ಎರರ್ ಇದೆ ಅಂತ ಮೇಲ್ಗಡೆ ಒಂದು ಎಣಿಕೆ ಇಟ್ಟರೆ ಸಾಕು.

ಕ್ಯಾಂಡಲ್‌ಕೋಲು
ಶೀಟ್ ಲೆಕ್ಕಕ್ಕೆ ಸರಿ, ಆದರೆ ಆರ್ಡರ್ ಹಾಕುವ ಕೈ ಅಭ್ಯಾಸ ಶೀಟ್‌ನಲ್ಲಿ ಬರೋದಿಲ್ಲ. ಮಾರ್ಕೆಟ್ (ಸಿಕ್ಕ ಬೆಲೆಗೆ ಕೂಡಲೇ), ಲಿಮಿಟ್, ಸ್ಟಾಪ್ (ಹೇಳಿದ ಬೆಲೆ ಮುಟ್ಟಿದಾಗ ಮಾರ್ಕೆಟ್ ಆರ್ಡರ್ ಆಗುವುದು), ಸ್ಟಾಪ್ ಲಿಮಿಟ್ (ಮುಟ್ಟಿದಾಗ ಲಿಮಿಟ್ ಆರ್ಡರ್ ಆಗುವುದು), ಇವುಗಳಲ್ಲಿ ಗೊಂದಲ ಆಗೋದೇ ಒತ್ತಡದ ಹೊತ್ತಿನಲ್ಲಿ. ಟ್ರೇಡಿಂಗ್‌ವ್ಯೂನ ಪೇಪರ್ ಅಕೌಂಟ್ ಅದಕ್ಕೆ ಬೇಕೇ ಬೇಕು. ಆದರೆ ಅದು ಶುರುವಾಗೋದು 1,00,000 ಡಾಲರ್‌ನಿಂದ. ಮೊದಲ ಕೆಲಸವಾಗಿ ಅಕೌಂಟ್ ರೀಸೆಟ್ ಮಾಡಿ, ನಿಜವಾಗಿ ಹಾಕಲಿರುವಷ್ಟೇ ಮೊತ್ತ ಇಡಿ. ಕಮಿಷನ್ ಸೆಟ್ಟಿಂಗ್‌ನಲ್ಲಿ ನಿಮ್ಮ ಬ್ರೋಕರ್‌ನ ದರ ತುಂಬಿ. ಇಲ್ಲದಿದ್ದರೆ ಸಣ್ಣ ಸಣ್ಣ ಲಾಭಗಳೆಲ್ಲ ನಿಜಕ್ಕಿಂತ ದಪ್ಪ ಕಾಣುತ್ತವೆ.

ಅಲರ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ತೋರಿಸುವ ಸೂಚಕ) ಮೇಲೆ ಅಲರ್ಟ್ ಇಡುವಾಗ "ಕ್ಯಾಂಡಲ್‌ಗೆ ಒಮ್ಮೆ" ಮತ್ತು "ಕ್ಯಾಂಡಲ್ ಮುಚ್ಚಿದಾಗ ಒಮ್ಮೆ" ಅನ್ನೋ ಆಯ್ಕೆಗಳಿವೆ. ಮೊದಲನೆಯದು ಕ್ಯಾಂಡಲ್ ಇನ್ನೂ ಬೆಳೀತಿರುವಾಗಲೇ ಹೊಡೆಯುತ್ತದೆ. ಎರಡು ಮೂವಿಂಗ್ ಆವರೇಜ್‌ಗಳು (ಹಿಂದಿನ ಕೆಲವು ಕ್ಯಾಂಡಲ್‌ಗಳ ಸರಾಸರಿ ಬೆಲೆಯ ಗೆರೆಗಳು) ಮಧ್ಯದಲ್ಲಿ ಒಂದನ್ನೊಂದು ದಾಟಿ, ಕೊನೆಗೆ ಹಿಂದೆ ಸರಿದರೆ, ಸಂಜೆ ಚಾರ್ಟ್ ನೋಡುವವರಿಗೆ ಅಲ್ಲಿ ದಾಟಿದ ಗುರುತೇ ಇರೋದಿಲ್ಲ. ಆ ಟ್ರೇಡ್ ಯಾಕೆ ತಗೊಂಡಿದ್ದು ಅಂತ ಲೆಕ್ಕ ಸಿಗೋದಿಲ್ಲ. ಮುಚ್ಚುವ ಬೆಲೆಯ ನಿಯಮ ಇಟ್ಟುಕೊಂಡವರು ಎರಡನೆಯದನ್ನೇ ಆರಿಸಬೇಕು. ಅಲರ್ಟ್‌ಗೆ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ. ಮುಗಿದ ಮೇಲೆ ಅದು ಸದ್ದಿಲ್ಲದೆ ಸುಮ್ಮನಾಗುತ್ತದೆ, ಷೇರು ನಿಮ್ಮ ಬೆಲೆ ದಾಟಿ ಹೋದರೂ ಗೊತ್ತಾಗೋದಿಲ್ಲ. ವಾರಕ್ಕೊಮ್ಮೆ ಪಟ್ಟಿ ತೆರೆದು ದಿನಾಂಕ ಮುಂದೂಡಿ.

ವಾಚ್‌ಲಿಸ್ಟ್ (ಗಮನಿಸುವ ಷೇರುಗಳ ಪಟ್ಟಿ) 20ರ ಒಳಗಿರಲಿ. ದಿನಾ ಒಂದೊಂದು ಚಾರ್ಟ್‌ಗೆ ಎರಡು ನಿಮಿಷ ಅಂದರೂ 40 ನಿಮಿಷ ಆಯ್ತು.

ಅಂಕಿಸಂಖ್ಯೆ
ಪೇಪರ್ ಅಕೌಂಟ್‌ನ ಆರ್ಡರ್ ಲೆಕ್ಕವನ್ನು ಹಾಗೇ ನಂಬಬಾರದು. ಹೊಸಪುಟ ಅವರು ಇಲ್ಲಿ ನಿಧಾನವಾಗಿ ಓದಬೇಕು, ಅಭ್ಯಾಸದಲ್ಲಿ ಲಾಭ ಕಂಡವರು ನಿಜದಲ್ಲಿ ನಷ್ಟ ಮಾಡಿಕೊಳ್ಳುವುದಕ್ಕೆ ಒಂದು ಕಾರಣ ಇಲ್ಲೇ ಇದೆ.

ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಕೊನೆಯ ವ್ಯವಹಾರದ ಬೆಲೆ. ಆ ಬೆಲೆಗೆ ನಿಮಗೆ ಷೇರು ಸಿಗಬೇಕೆಂದಿಲ್ಲ. ಕೊಳ್ಳುವವರು ಆಸ್ಕ್ ಬೆಲೆ (ಮಾರುವವರು ಕೇಳುತ್ತಿರುವುದು) ಕೊಡುತ್ತಾರೆ, ಮಾರುವವರಿಗೆ ಬಿಡ್ ಬೆಲೆ (ಕೊಳ್ಳುವವರು ಕೊಡಲು ಸಿದ್ಧರಿರುವುದು) ಸಿಗುತ್ತದೆ. ಒಂದು ಲೆಕ್ಕ ನೋಡೋಣ. ಬಂಡವಾಳ 1,00,000. ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ಒಪ್ಪಿದ್ದು ಶೇ 1, ಅಂದರೆ 1,000. ಷೇರು 250, ಸ್ಟಾಪ್‌ಲಾಸ್ (ಇಷ್ಟಕ್ಕೆ ಬಿದ್ದರೆ ಮಾರಿ ಹೊರಬರುವ ಬೆಲೆ) 242. ವ್ಯತ್ಯಾಸ 8, ಆದ್ದರಿಂದ 125 ಷೇರು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಬಿಡ್ 249.80, ಆಸ್ಕ್ 250.20 ಇದೆ ಅಂದುಕೊಳ್ಳಿ. ಖರೀದಿ ಆಗುವುದು 250.20ಕ್ಕೆ. ಸ್ಟಾಪ್ ಮುಟ್ಟಿದಾಗ ಬೆಲೆ ಬೀಳುತ್ತಿರುತ್ತದೆ, 241.60ಕ್ಕೆ ಮಾರಾಟ ಆಯಿತು ಅಂತಿಟ್ಟುಕೊಳ್ಳೋಣ. ಒಂದು ಷೇರಿಗೆ ನಷ್ಟ 8.60. 125 ಷೇರಿಗೆ 1,075. ಒಪ್ಪಿದ ಮಿತಿ ದಾಟಿತು, ಕಮಿಷನ್ ಇನ್ನೂ ಸೇರಿಲ್ಲ. ಸರಿಯಾದ ಸಂಖ್ಯೆ 1,000 ಭಾಗಿಸು 8.60, ಅಂದರೆ 116 ಷೇರು.

ಈಗ ಅದೇ ಷೇರು ಮರುದಿನ 231ಕ್ಕೆ ತೆರೆದರೆ? ಸ್ಟಾಪ್ 242 ಇದ್ದರೂ ಮಾರಾಟ ಆಗುವುದು 231ರ ಹತ್ತಿರ. 116 ಷೇರಿಗೆ ನಷ್ಟ ಸುಮಾರು 2,227, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಶೀಟ್‌ನಲ್ಲಿ ಅಭ್ಯಾಸ ಮಾಡುವವರು ಇಲ್ಲಿ 242 ಅಂತಲೇ ಬರೆದುಬಿಡುತ್ತಾರೆ. ಬರೆಯಬೇಕಾದದ್ದು 231.

ನಾನು ಹೇಳುವ ನಿಯಮಗಳು ಇಷ್ಟು. ಮಾರ್ಕೆಟ್ ಆರ್ಡರ್ ಆದರೆ ಖರೀದಿಗೆ ಆಸ್ಕ್, ಮಾರಾಟಕ್ಕೆ ಬಿಡ್. ಟೂಲ್‌ನಲ್ಲಿ ಅವು ಕಾಣದಿದ್ದರೆ, ಜೋರಾಗಿ ಕೈ ಬದಲಾಗುವ ಷೇರಿಗೆ ಪ್ರತಿ ಸಲ ಶೇ 0.1, ವ್ಯವಹಾರ ತೆಳುವಾಗಿರುವ ಷೇರಿಗೆ ಶೇ 0.3ರಿಂದ 0.5 ನಿಮ್ಮ ವಿರುದ್ಧವೇ ಸೇರಿಸಿ. ಲಿಮಿಟ್ ಆರ್ಡರ್ ಇದ್ದಲ್ಲಿ ಬೆಲೆ ಮುಟ್ಟಿದ ಮಾತ್ರಕ್ಕೆ ಆರ್ಡರ್ ಆಯ್ತು ಅಂತ ಎಣಿಸಬೇಡಿ. ನಿಜದಲ್ಲಿ ಆ ಬೆಲೆಯಲ್ಲಿ ನಿಮಗಿಂತ ಮೊದಲು ಸಾಲಿನಲ್ಲಿ ನಿಂತವರಿರುತ್ತಾರೆ. ಬೆಲೆ ಕನಿಷ್ಠ ಒಂದು ಟಿಕ್ (ಬೆಲೆ ಬದಲಾಗುವ ಅತಿ ಸಣ್ಣ ಹೆಜ್ಜೆ) ಆಚೆಗೆ ದಾಟಿದರೆ ಮಾತ್ರ ಆಯ್ತು ಅಂತ ಬರೆಯಿರಿ. ದಿನದ ಕ್ಯಾಂಡಲ್‌ನೊಳಗೇ ಸ್ಟಾಪೂ ಟಾರ್ಗೆಟೂ (ಲಾಭ ತಗೊಂಡು ಹೊರಬರುವ ಬೆಲೆ) ಎರಡೂ ಬಂದಿದ್ದರೆ, ಯಾವುದು ಮೊದಲು ಅಂತ ಸಣ್ಣ ಟೈಮ್‌ಫ್ರೇಮ್‌ನಲ್ಲಿ ನೋಡಿ. ನೋಡಲು ಆಗದಿದ್ದರೆ ಸ್ಟಾಪ್ ಮೊದಲು ಅಂತಲೇ ತಗೊಳ್ಳಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ಒಪ್ಪಿದ ಮೊತ್ತವನ್ನು ಆರ್ ಅಂತ ಕರೆಯೋಣ. ಗೆಲುವು ಶೇ 40, ಸರಾಸರಿ ಗೆಲುವು 2.2 ಆರ್, ಸೋಲು 1 ಆರ್ ಇದ್ದರೆ ಪ್ರತಿ ಟ್ರೇಡ್‌ಗೆ 0.28 ಆರ್ ಉಳಿಯುತ್ತದೆ. ಪ್ರತಿ ಟ್ರೇಡ್‌ನಲ್ಲಿ ಸ್ಲಿಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) ಮತ್ತು ಖರ್ಚು ಸೇರಿ 0.1 ಆರ್ ಹೋದರೆ ಉಳಿಯುವುದು 0.18. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಸೋರಿತು.

ಬೆಳಗಿನಗಂಟೆ
ಅಂಕಿಸಂಖ್ಯೆಯವರ ಮಾತಿಗೆ ಒಂದು ಸೇರ್ಪಡೆ. ಬ್ರೋಕರ್‌ಗಳ ಸಿಮ್ಯುಲೇಟರ್‌ಗಳೇ ತಮ್ಮ ಮಿತಿಯನ್ನು ಬರೆದಿಟ್ಟಿರುತ್ತವೆ, ಓದೋರು ಕಡಿಮೆ. ಆಲ್ಪಾಕಾದ ಪೇಪರ್ ಅಕೌಂಟ್ ಸ್ಲಿಪೇಜ್, ಸಾಲಿನಲ್ಲಿ ನಿಮ್ಮ ಸ್ಥಾನ, ಡಿವಿಡೆಂಡ್ ಇವನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಕೆಲವು ಆರ್ಡರ್‌ಗಳನ್ನು ಮಾತ್ರ ಯಾದೃಚ್ಛಿಕವಾಗಿ ಅರ್ಧಂಬರ್ಧ ತುಂಬಿಸುತ್ತದೆ. ಇಂಟರ್‌ಆ್ಯಕ್ಟಿವ್ ಬ್ರೋಕರ್ಸ್‌ನ ಪೇಪರ್ ಅಕೌಂಟ್ ಆರ್ಡರ್ ಪುಸ್ತಕದ ಮೇಲ್ತುದಿಯ ಬೆಲೆಗಳನ್ನಷ್ಟೇ ನೋಡಿ ಆರ್ಡರ್ ತುಂಬಿಸುತ್ತದೆ. ಹಾಗಾಗಿ ದೊಡ್ಡ ಸಂಖ್ಯೆಯ ಆರ್ಡರ್ ಅಲ್ಲಿ ಸಲೀಸಾಗಿ ಆದಂತೆ ಕಂಡರೆ ಅದಕ್ಕೆ ಅರ್ಥವಿಲ್ಲ. ನಿಮ್ಮ ಆರ್ಡರ್ ದಿನದ ಸರಾಸರಿ ವಾಲ್ಯೂಮ್‌ನ (ಕೈ ಬದಲಾದ ಷೇರುಗಳ ಸಂಖ್ಯೆ) ಶೇ 1 ದಾಟದಂತೆ ನೋಡಿಕೊಳ್ಳಿ. ಗೂಗಲ್‌ಫೈನಾನ್ಸ್‌ನಲ್ಲೇ ಸರಾಸರಿ ವಾಲ್ಯೂಮ್ ಕೇಳಬಹುದು.

ವಾಲ್ಯೂಮ್ ಎಲ್ಲಿಂದ ಬರ್ತಿದೆ ಅನ್ನೋದೂ ಮುಖ್ಯ. ಅಮೆರಿಕದ ಷೇರುಗಳು ಹಲವು ವಿನಿಮಯ ಕೇಂದ್ರಗಳಲ್ಲಿ ಒಟ್ಟಿಗೆ ವ್ಯವಹಾರ ಆಗುತ್ತವೆ. ಉಚಿತ ನೇರ ಡೇಟಾ ಎಷ್ಟೋ ಸಲ ಅವುಗಳಲ್ಲಿ ಒಂದೇ ಕೇಂದ್ರದ್ದು. ಬೆಲೆ ಸರಿಸುಮಾರು ಹೊಂದುತ್ತದೆ, ವಾಲ್ಯೂಮ್ ಮಾತ್ರ ಒಟ್ಟು ವ್ಯವಹಾರದ ಸಣ್ಣ ತುಣುಕು. "ವಾಲ್ಯೂಮ್ ಸರಾಸರಿಯ ಎರಡು ಪಟ್ಟು" ಅಂತ ನಿಯಮ ಇಟ್ಟುಕೊಂಡವರು ಇವತ್ತಿನ ವಾಲ್ಯೂಮನ್ನೂ ಸರಾಸರಿಯನ್ನೂ ಒಂದೇ ಮೂಲದಿಂದ ತಗೊಳ್ಳಬೇಕು.

ಹಾಗೇ ಒಂದೇ ಮೂಲಕ್ಕೆ ಪೂರ್ತಿ ಅಂಟಿಕೊಳ್ಳಬೇಡಿ. ತುಂಬಾ ಜನ ಬಳಸ್ತಿದ್ದ ಐಇಎಕ್ಸ್ ಕ್ಲೌಡ್ ಅನ್ನುವ ಷೇರು ಡೇಟಾ ಸೇವೆ 2024ರ ಆಗಸ್ಟ್ 31ಕ್ಕೆ ಮುಚ್ಚಿತು, ಅದರ ಮೇಲೆ ಕಟ್ಟಿದ ಶೀಟ್‌ಗಳೆಲ್ಲ ನಿಂತುಹೋದವು. ತಿಂಗಳಿಗೊಮ್ಮೆ ನಿಮ್ಮ ದಾಖಲೆಯನ್ನು ಸಿಎಸ್‌ವಿ ಮಾಡಿ ಇಳಿಸಿಕೊಳ್ಳಿ.

ಹೊಸಪುಟ
ತುಂಬಾ ಉಪಕಾರ ಆಯ್ತು. ಹಳೆಯ ದಿನಗಳ ಬೆಲೆ ಕೈಯಿಂದ ಬರೆದು ಅಭ್ಯಾಸ ಮಾಡುವಾಗ ಒಂದು ವಿಚಿತ್ರ ಸಿಕ್ಕಿತು. ಎನ್‌ವಿಡಿಯಾವನ್ನು 2024ರ ಜೂನ್ ಮೊದಲ ವಾರದಲ್ಲಿ 1,200 ಡಾಲರ್‌ಗೆ 4 ಷೇರು ಕೊಂಡ ಹಾಗೆ ಬರೆದರೆ, ಮುಂದಿನ ವಾರ ಶೇ 90 ನಷ್ಟ ತೋರಿಸುತ್ತದೆ. ಚಾರ್ಟ್‌ನಲ್ಲಿ ಅಂಥ ಬೀಳು ಎಲ್ಲೂ ಇಲ್ಲ.

ಶೀಟ್‌ಗುರು
ಅದು ಸ್ಪ್ಲಿಟ್. ಒಂದು ಷೇರು ಹತ್ತಾಗಿ, ಜೂನ್ 10ರಿಂದ ಹೊಸ ಬೆಲೆಯಲ್ಲಿ ವ್ಯವಹಾರ ಶುರುವಾಯಿತು. ಜೂನ್ 7ರಂದು 1,200 ದಾಟಿ ಮುಚ್ಚಿದ್ದು ಜೂನ್ 10ರಂದು 120ರ ಆಸುಪಾಸಿನಲ್ಲಿತ್ತು. ಚಾರ್ಟ್ ಹಳೆಯ ಬೆಲೆಗಳನ್ನೆಲ್ಲ ಹತ್ತರಿಂದ ಭಾಗಿಸಿ ತೋರಿಸುತ್ತದೆ, ನೀವು ಕೈಯಿಂದ ಬರೆದ ಅಂಕಿಯನ್ನು ಯಾರೂ ಭಾಗಿಸೋದಿಲ್ಲ. 1,200ಕ್ಕೆ ಕೊಂಡ 4 ಷೇರು ಈಗ 120ರ 40 ಷೇರು, ಮೌಲ್ಯ ಅದೇ 4,800.

ದಾಖಲೆಯಲ್ಲಿ "ಸ್ಪ್ಲಿಟ್ ಅನುಪಾತ" ಅಂತ ಒಂದು ಕಾಲಂ ಸೇರಿಸಿ, ಸಾಮಾನ್ಯವಾಗಿ ಅಲ್ಲಿ 1 ಇರಲಿ. ಸ್ಪ್ಲಿಟ್ ಆದಾಗ 10 ಅಂತ ಬದಲಿಸಿ. ಲೆಕ್ಕದಲ್ಲಿ ಷೇರಿನ ಸಂಖ್ಯೆಯನ್ನು ಅದರಿಂದ ಗುಣಿಸಿ, ಖರೀದಿ ಬೆಲೆ, ಸ್ಟಾಪ್, ಟಾರ್ಗೆಟ್ ಮೂರನ್ನೂ ಅದರಿಂದ ಭಾಗಿಸಿ. ಮೂಲ ಅಂಕಿಗಳನ್ನು ಅಳಿಸಬೇಡಿ. ಬೆಲೆಯ ಅಲರ್ಟ್ 1,100ಕ್ಕೆ ಇಟ್ಟಿದ್ದರೆ ಅದನ್ನೂ 110 ಮಾಡಬೇಕು. ಇಲ್ಲದಿದ್ದರೆ ಹೊಸ ಬೆಲೆಯ ಮೊದಲ ದಿನವೇ ಸುಮ್ಮನೆ ಹೊಡೆಯುತ್ತದೆ.

ಯಾಹೂ ಫೈನಾನ್ಸ್‌ನ ಹಳೆಯ ಬೆಲೆಪಟ್ಟಿಯಲ್ಲಿ ಮುಚ್ಚಿದ ಬೆಲೆ ಎರಡು ಕಾಲಂಗಳಲ್ಲಿ ಬರುತ್ತದೆ. ಒಂದರಲ್ಲಿ ಸ್ಪ್ಲಿಟ್ ಮಾತ್ರ ಹೊಂದಿಸಿರುತ್ತಾರೆ, ಹೊಂದಿಸಿದ ಬೆಲೆ ಅನ್ನುವ ಇನ್ನೊಂದರಲ್ಲಿ ಡಿವಿಡೆಂಡ್ ಕೂಡ. ಸ್ಟಾಪ್, ಟಾರ್ಗೆಟ್ ಪರೀಕ್ಷೆಗೆ ಮೊದಲನೆಯದು. ಹಲವು ವರ್ಷದ ಒಟ್ಟು ಗಳಿಕೆಗೆ ಎರಡನೆಯದು. ಒಂದರಿಂದ ಖರೀದಿ ಬೆಲೆ, ಇನ್ನೊಂದರಿಂದ ಮಾರಾಟದ ಬೆಲೆ ತಗೊಂಡರೆ ಇಲ್ಲದ ಲಾಭ ಹುಟ್ಟಿಕೊಳ್ಳುತ್ತದೆ.

ಕ್ಯಾಂಡಲ್‌ಕೋಲು
ಹಳೆಯ ದಿನಗಳ ಅಭ್ಯಾಸಕ್ಕೆ ಕೈಯಿಂದ ಬರೆಯೋ ಬದಲು ಟ್ರೇಡಿಂಗ್‌ವ್ಯೂನ ಬಾರ್ ರೀಪ್ಲೇ ಬಳಸಿ. ಮುಂದಿನ ಕ್ಯಾಂಡಲ್‌ಗಳನ್ನು ಮುಚ್ಚಿಟ್ಟು ಒಂದೊಂದಾಗಿ ತೋರಿಸುತ್ತದೆ. ಆದರೆ ಆಮೇಲೆ ಭಾರಿ ಏರಿದ ಷೇರನ್ನೇ ಆರಿಸಿ ರೀಪ್ಲೇ ಮಾಡಿದರೆ ಉತ್ತರಪತ್ರಿಕೆ ಪಕ್ಕದಲ್ಲಿಟ್ಟು ಪರೀಕ್ಷೆ ಬರೆದ ಹಾಗೆ. ಷೇರನ್ನೂ ದಿನಾಂಕವನ್ನೂ ಶೀಟ್‌ನ ಯಾದೃಚ್ಛಿಕ ಸಂಖ್ಯೆಯಿಂದ ಆರಿಸಿ. ಇವತ್ತಿನ ಪ್ರಮುಖ ಷೇರುಗಳ ಪಟ್ಟಿಯಿಂದ ಆರಿಸಿದರೂ ಮುಳುಗಿಹೋದ ಕಂಪನಿಗಳು ಬಿಟ್ಟುಹೋಗುತ್ತವೆ. ಹಾಗಾಗಿ ರೀಪ್ಲೇಯ ಫಲಿತಾಂಶವನ್ನು ಮುಖ್ಯ ದಾಖಲೆಗೆ ಸೇರಿಸಬೇಡಿ, ಬೇರೆ ಹಾಳೆಯಲ್ಲಿಡಿ.

ಅಂಕಿಸಂಖ್ಯೆ
ಎಷ್ಟು ಟ್ರೇಡ್ ಅಂತ ಕೇಳಿದ್ದಿರಿ. 20 ಟ್ರೇಡ್‌ನಲ್ಲಿ 8 ಗೆಲುವು, ಅಂದರೆ ಶೇ 40 ಬಂತು ಅಂದುಕೊಳ್ಳಿ. ನಿಮ್ಮ ನಿಜವಾದ ಗೆಲುವಿನ ಪ್ರಮಾಣ ಶೇ 20ರಿಂದ 60ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 100 ಟ್ರೇಡ್‌ನಲ್ಲಿ 40 ಗೆಲುವು ಆದರೆ ಆ ಅಂತರ ಸುಮಾರು ಶೇ 30ರಿಂದ 50ಕ್ಕೆ ಇಳಿಯುತ್ತದೆ. 20 ಟ್ರೇಡ್ ನೋಡಿ ಒಂದು ಪದ್ಧತಿಯನ್ನು ಹೊಗಳುವುದೂ ತೆಗೆದುಹಾಕುವುದೂ ಎರಡೂ ಅವಸರ. ಕನಿಷ್ಠ 100 ಇರಲಿ, ಅದೂ ಒಂದೇ ನಿಯಮದಲ್ಲಿ. ಶೇ 40 ಗೆಲ್ಲುವ ಪದ್ಧತಿಯಲ್ಲಿ 100 ಟ್ರೇಡ್‌ನೊಳಗೆ ಸತತ ಆರು ಸೋಲು ಬರುವ ಸಾಧ್ಯತೆಯೇ ಹೆಚ್ಚು. ಅದನ್ನು ಮೊದಲೇ ತಿಳಿದಿದ್ದರೆ ಆರನೇ ಸೋಲಿನಲ್ಲಿ ನಿಯಮ ಮುರಿಯುವ ಆಸೆ ಬರುವುದಿಲ್ಲ.

ದಾಖಲೆಯಲ್ಲಿ ಎರಡು ಅಂಕಿ ತಪ್ಪದೆ ಇರಲಿ: ಟ್ರೇಡ್ ತೆರೆದಿದ್ದಾಗ ಬೆಲೆ ನಿಮ್ಮ ವಿರುದ್ಧ ಹೋದ ಗರಿಷ್ಠ ದೂರ, ನಿಮ್ಮ ಕಡೆ ಬಂದ ಗರಿಷ್ಠ ದೂರ. ಎರಡನ್ನೂ ಆರ್ ಲೆಕ್ಕದಲ್ಲಿ ಬರೆಯಿರಿ. ಗೆದ್ದ ಟ್ರೇಡ್‌ಗಳಲ್ಲಿ ಬೆಲೆ 0.5 ಆರ್‌ಗಿಂತ ಹೆಚ್ಚು ವಿರುದ್ಧ ಹೋಗಿಯೇ ಇಲ್ಲ ಅಂತ ಕಂಡರೆ ನಿಮ್ಮ ಸ್ಟಾಪ್ ಬೇಕಾದ್ದಕ್ಕಿಂತ ದೂರವಿದೆ. ಸೋತ ಟ್ರೇಡ್‌ಗಳಲ್ಲಿ ಬಹಳಷ್ಟು ಮೊದಲು 1.5 ಆರ್ ಲಾಭಕ್ಕೆ ಹೋಗಿ ಬಂದಿದ್ದರೆ ಟಾರ್ಗೆಟ್ ದೂರವಿದೆ. ಇಂಥದ್ದು ಬರೀ ಲಾಭ-ನಷ್ಟದ ಕಾಲಂ ನೋಡಿದರೆ ಎಂದೂ ಕಾಣುವುದಿಲ್ಲ.

ಹೊಸಪುಟ
ಕೊನೆಯ ಪ್ರಶ್ನೆ. ಅಲರ್ಟ್ ಬಂದಿತ್ತು, ನೋಡಲಿಲ್ಲ, ಷೇರು ಏರಿಹೋಯಿತು. ಇಂಥವನ್ನು ಬರೆಯಬೇಕಾ? ಮತ್ತೆ, 40 ಟ್ರೇಡ್ ಆದ ಮೇಲೆ ಸ್ಟಾಪ್ ನಿಯಮ ಬದಲಿಸಬೇಕು ಅನ್ನಿಸಿದರೆ?

ನಿಧಾನಸ್ಥ
ಬರೆಯಿರಿ, ಆದರೆ "ತಪ್ಪಿಹೋದದ್ದು" ಅಂತ ಬೇರೆ ಗುರುತಿನಲ್ಲಿ, ಲಾಭದ ಲೆಕ್ಕಕ್ಕೆ ಸೇರಿಸದೆ. ತಪ್ಪಿದ ಸೋಲುಗಳನ್ನೂ ಬರೆಯಬೇಕು, ಬರೀ ಗೆಲುವುಗಳನ್ನು ಬರೆದರೆ ಪಟ್ಟಿ ಹಾದಿ ತಪ್ಪಿಸುತ್ತದೆ. ತಪ್ಪಿದ್ದು ಹೆಚ್ಚಾಗಿ ಒಂದೇ ಹೊತ್ತಿನಲ್ಲಿ ಅಂತ ಕಂಡರೆ ಆ ಹೊತ್ತಿನ ಪದ್ಧತಿ ನಿಮಗೆ ಹೊಂದುವುದಿಲ್ಲ. ಅಲರ್ಟ್ ಬದಲು ಹಿಂದಿನ ರಾತ್ರಿಯೇ ಸ್ಟಾಪ್ ಖರೀದಿ ಆರ್ಡರ್ (ಬೆಲೆ ಹೇಳಿದ ಮಟ್ಟಕ್ಕೆ ಏರಿದಾಗ ತಾನೇ ಕೊಳ್ಳುವುದು) ಹಾಕಿಡುವ ಅಭ್ಯಾಸ ಮಾಡಿ.

ನಿಯಮ ಬದಲಿಸುವುದಾದರೆ "ಆವೃತ್ತಿ" ಅನ್ನುವ ಕಾಲಂ ಸೇರಿಸಿ. ಹಳೆಯ 40ಕ್ಕೆ 1, ಹೊಸದಕ್ಕೆ 2. ಹೊಸ ಸ್ಟಾಪ್ ಹಳೆಯ 40ರ ಮೇಲೆ ಏನು ಮಾಡುತ್ತಿತ್ತು ಅಂತ ನೋಡಬಹುದು, ಆದರೆ ಆ ಫಲಿತಾಂಶವನ್ನು ಆವೃತ್ತಿ 2ರ ದಾಖಲೆಗೆ ತುಂಬಬೇಡಿ. ಆ ನಿಯಮ ಹುಟ್ಟಿದ್ದೇ ಆ 40ನ್ನು ನೋಡಿ, ಅಲ್ಲಿ ಅದು ಚೆನ್ನಾಗಿ ಕಾಣಲೇಬೇಕು. ಆವೃತ್ತಿ 2ರ ಎಣಿಕೆ ಮುಂದಿನ ಟ್ರೇಡ್‌ನಿಂದ 1 ಅಂತ ಶುರು.